ಎರಡಾಣೆ ಪಾಲು, ಒಂದು ತಕ್‌ಪಟ್ಟಿ



ಕೆಲವು ವರ್ಷಗಳ ಹಿಂದೆ ಶಹಾಪುರ ಕಡೆಯ ಒಬ್ಬ ರೈತರು ಹತ್ತಿ ಮಾರಿದ ತಕ್‌ಪಟ್ಟಿ ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದರು. ಅಂಗಿ ಜೇಬಿನ ಬೆವರಿಗೆ ಚೀಟಿಯ ಮಡಿಕೆಯಲ್ಲಿ ಶಾಯಿ ಕದಡಿತ್ತು. ಹಣ ಬಂದಿರಲಿಲ್ಲ, ಅಂಗಡಿ ಬಾಗಿಲು ಹಾಕಿತ್ತು. ಪರವಾನಗಿ ಒಬ್ಬರ ಹೆಸರಲ್ಲಿ, ಬಂಡವಾಳ ಇನ್ನೊಬ್ಬರದು, ಗಾದಿ ಮೇಲೆ ಕೂತು ದರ ಹೇಳಿದವರು ಮತ್ತೊಬ್ಬರು. “ಇದರಾಗ ಮಾಲಕ ಯಾರ್ರೀ ಸರ?” ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಇವತ್ತಿನ ವಿಚಾರ ಸಂಕಿರಣದ ಪ್ರಶ್ನೆಯೂ ಅದೇ.

2013ರ ಕಂಪನಿ ಕಾಯ್ದೆಯ 90ನೇ ಕಲಂ ಇದನ್ನೇ ಕೇಳುತ್ತದೆ. ಬೇರೆಯವರ ಹೆಸರಿನ ಹಿಂದೆ ನಿಂತು ಕಂಪನಿಯಲ್ಲಿ ಕನಿಷ್ಠ ಶೇ. 10ರಷ್ಟು ಪಾಲು ಉಳ್ಳವರು ತಮ್ಮ ಹೆಸರು ಘೋಷಿಸಬೇಕು. ಘೋಷಿಸದಿದ್ದರೆ 50,000 ರೂಪಾಯಿ ದಂಡ, ಮೇಲೆ ದಿನಕ್ಕೆ ಸಾವಿರ. 2023ರಲ್ಲಿ ಎಲ್‌ಎಲ್‌ಪಿ ಎಂಬ ಸೀಮಿತ ಹೊಣೆಯ ಪಾಲುದಾರಿಕೆಗಳಿಗೂ ಇಂಥದೇ ನಿಯಮ ಬಂತು.

ಆದರೆ ಯಾದಗಿರಿಯ ಅಡತಿ ಅಂಗಡಿಗಳಲ್ಲಿ, ಸುರಪುರದ ಕಿರಾಣಿ ಸಾಲಿನಲ್ಲಿ ಕಂಪನಿಗಳೆಷ್ಟು? ಒಬ್ಬರ ಒಡೆತನ, ಇಲ್ಲವೆ ಬೀಗರು, ಅಣ್ಣತಮ್ಮಂದಿರು ಸೇರಿದ ಪಾಲುದಾರಿಕೆ. ಇವರಿಗೆ ಕಾನೂನು ಎದುರಾಗುವುದು ಬ್ಯಾಂಕಿನ ಕೌಂಟರಿನಲ್ಲಿ. ಅಕ್ರಮ ಹಣ ವರ್ಗಾವಣೆ ತಡೆ ನಿಯಮದಡಿ ಪಾಲುದಾರಿಕೆ ಸಂಸ್ಥೆಯ ನಿಜ ಒಡೆಯರನ್ನು ಬ್ಯಾಂಕು ಗುರುತಿಸಲೇಬೇಕು. 2023ರ ಸೆಪ್ಟೆಂಬರಿನಲ್ಲಿ ಅದರ ಮಿತಿ ಶೇ. 15ರಿಂದ 10ಕ್ಕೆ ಇಳಿಯಿತು. ನಮ್ಮ ಕಡೆ ಪಾಲು ಹೇಳುವುದು ಆಣೆಯಲ್ಲಿ. ಎರಡಾಣೆ ಎಂದರೆ ಶೇಕಡಾ ಹನ್ನೆರಡೂವರೆ. ಮೊದಲು ಲೆಕ್ಕಕ್ಕೆ ಬಾರದಿದ್ದ ಎರಡಾಣೆಯ ಪಾಲುದಾರರು ಈಗ ಬಂದರು. ಗಂಡ ತೀರಿದ ಮೇಲೆ ಪಾಲಿಗೆ ಬಂದ ಅಕ್ಕನೊಬ್ಬಳು ಆಧಾರ್‌ನಲ್ಲಿ ಒಂದು, ಪ್ಯಾನ್‌ನಲ್ಲಿ ಇನ್ನೊಂದು ಅಕ್ಷರವಿರುವ ಹೆಸರು ಹೊತ್ತು ಅಲೆಯುತ್ತಾಳೆ. ಈ ಅಲೆದಾಟದ ಖರ್ಚನ್ನು ಯಾರೂ ಬರೆದಿಡುವುದಿಲ್ಲ. ನಮ್ಮ ಸಂಶೋಧಕರು ಬರೆದಿಡಬೇಕು.

ಹಾಗೆಂದು ಕಾನೂನೇ ಬೇಡವೆ? ಅಮೆರಿಕ 2024ರ ಜನವರಿಯಿಂದ ಸಣ್ಣ ಕಂಪನಿಗಳ ಒಡೆಯರ ವಿವರ ಕೇಳಲು ಶುರುಮಾಡಿ, 2025ರ ಮಾರ್ಚ್‌ನಲ್ಲಿ ದೇಶದೊಳಗಿನ ಕಂಪನಿಗಳಿಗೆ ಪೂರ್ತಿ ವಿನಾಯಿತಿ ಕೊಟ್ಟುಬಿಟ್ಟಿತು. ಆ ದಾರಿ ನನಗೆ ಒಪ್ಪಿಗೆಯಿಲ್ಲ. ಹೆಸರು ಮುಚ್ಚಿಟ್ಟಾಗ ಮೊದಲು ಮುಳುಗುವವರು ಸಾಲದ ಮೇಲೆ ಮಾಲು ಕೊಟ್ಟ ಸಣ್ಣವರೇ.

ನನ್ನ ತಕರಾರು ಬೇರೆ. ಎರಡಾಣೆಯ ಪಾಲುದಾರರು ಯಾರೆಂದು ಬ್ಯಾಂಕಿಗೆ ಗೊತ್ತು. ಹತ್ತಿ ಕೊಟ್ಟ ರೈತರಿಗೆ ಗೊತ್ತಿಲ್ಲ. 1932ರ ಪಾಲುದಾರಿಕೆ ಕಾಯ್ದೆ, ಸಂಸ್ಥೆಗಳ ರಿಜಿಸ್ಟರನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು ಎನ್ನುತ್ತದೆ. ಆದರೆ ನೋಂದಣಿ ಕಡ್ಡಾಯವಲ್ಲ. ಮಾಡಿಸದವರು ಕರಾರಿನ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಇದು ಎಷ್ಟೋ ಸಣ್ಣ ವ್ಯಾಪಾರಿಗಳಿಗೆ ತಿಳಿಯುವುದು ವಕೀಲರ ಮನೆಯಲ್ಲೇ. ಬ್ಯಾಂಕಿಗೆ ಕೊಟ್ಟ ಅದೇ ಕಾಗದದಿಂದ ಈ ನೋಂದಣಿಯೂ ಆಗಬಾರದೇಕೆ? ತಕ್‌ಪಟ್ಟಿಯ ಮೇಲೆ ಪಾಲುದಾರರ ಹೆಸರು ಅಚ್ಚಾಗಬಾರದೇಕೆ?

ಮಧ್ಯಾಹ್ನದ ಗೋಷ್ಠಿಗೆ ಅಡತಿಯವರೂ ರೈತರೂ ಬರುತ್ತಿದ್ದಾರೆ. ಪ್ರಬಂಧಗಳು ಆಮೇಲಿರಲಿ, ಮೊದಲು ಅವರು ಮಾತಾಡಲಿ ಎಂದು ಸಂಘಟಕರನ್ನು ಕೇಳಿಕೊಳ್ಳುತ್ತೇನೆ.