ನಮ್ಮ ಜತ್ತ ತಾಲೂಕು ಮತ್ತು ವಿದ್ಯುಚ್ಛಕ್ತಿ

(ಸಂಸ್ಥೆಯ ವಾರ್ಷಿಕ ಸಮ್ಮೇಳನದಲ್ಲಿ ಮಾಡಿದ ಭಾಷಣ)



ಕನ್ನಡ ಶಾಲೆಯ ಅಂಗಳದಲ್ಲಿ ನಿಂತು ವಿದ್ಯುತ್ತಿನ ವಿಚಾರವನ್ನು ಎತ್ತುವುದೇಕೆಂದು ಕೆಲವರಿಗೆ ತೋರಬಹುದು. ಆದರೆ ರಾತ್ರಿ ತಂದೆಯೊಡನೆ ಮೋಟಾರು ಚಾಲೂ ಮಾಡಲು ಹೊಲಕ್ಕೆ ಹೋದ ಬಾಲಕನು ಮರುದಿನ ತರಗತಿಯಲ್ಲಿ ತೂಕಡಿಸುವುದನ್ನು ನಾವು ಕಂಡಿದ್ದೇವೆ. ಆದುದರಿಂದ ಇದು ಶಾಲೆಯ ವಿಚಾರವೂ ಹೌದು.

ನಮ್ಮದು ಮಳೆ ಕಡಿಮೆಯಾದ ಸೀಮೆ. ಎತ್ತು ಹೂಡಿ ಕಪಿಲೆಯಿಂದ ನೀರೆತ್ತುವ ಕಾಲ ಕಳೆಯಿತು. ಸಂಖ, ಉಮದಿ, ಮಾಡಗ್ಯಾಳದ ಕಡೆಯ ರೈತನು ಜೋಳ-ಸಜ್ಜೆಗಳೊಡನೆ ಇಂದು ದಾಳಿಂಬೆ, ದ್ರಾಕ್ಷಿಗಳನ್ನೂ ಬೆಳೆಯುತ್ತಾನೆ. ಬಾವಿಯ ನೀರಾಗಲಿ ಬೋರಿನ ನೀರಾಗಲಿ ಮೋಟಾರಿಲ್ಲದೆ ಮೇಲೇರದು. ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಹಂತಹಂತವಾಗಿ ಎತ್ತಿ ಜತ್ತದ ಕಡೆಗೆ ತರುವ ಯೋಜನೆಯೂ ವಿದ್ಯುತ್ತಿನ ಬಲದಿಂದಲೇ ನಡೆಯುತ್ತದೆ. ನಮ್ಮಲ್ಲಿ ನೀರಿನ ಪ್ರಶ್ನೆಯೆಂದರೆ ಅರ್ಧಪಾಲು ವಿದ್ಯುತ್ತಿನ ಪ್ರಶ್ನೆ.

ಊರಿಗೆ ವಿದ್ಯುತ್ತು ಬಂದಿತೆಂದು ಯಾವಾಗ ಹೇಳಬೇಕು? 1997ಕ್ಕೆ ಮೊದಲು ಊರಿನ ಸೀಮೆಯೊಳಗೆ ಯಾವುದೇ ಕಾರಣಕ್ಕೆ ವಿದ್ಯುತ್ತು ಬಳಕೆಯಾದರೂ ಸರಕಾರದ ಲೆಕ್ಕಕ್ಕೆ ಅಷ್ಟೇ ಸಾಕಾಗಿತ್ತು. ಹೊಲದಲ್ಲಿ ಒಂದು ಪಂಪು ತಿರುಗಿದರೆ, ಮನೆಗಳು ಕತ್ತಲಲ್ಲಿದ್ದರೂ ಊರು ಬೆಳಗಿದಂತೆ! 2004ರಲ್ಲಿ ಈ ವ್ಯಾಖ್ಯೆ ಬದಲಾಯಿತು. ನೂರಕ್ಕೆ ಹತ್ತು ಮನೆಗಳಿಗಾದರೂ, ಜೊತೆಗೆ ಶಾಲೆ, ಪಂಚಾಯತಿ, ದವಾಖಾನೆಗಳಿಗೂ ವಿದ್ಯುತ್ತು ತಲುಪಿರಬೇಕೆಂದಾಯಿತು. ಆದರೂ ಕಂಬ ನಿಂತ ಮಾತ್ರಕ್ಕೆ ಬಲ ಬರುವುದಿಲ್ಲ.

ವಿದ್ಯಾರ್ಥಿಗಳು ಇದರ ಕಾರಣವನ್ನು ತಿಳಿಯಬೇಕು. ತಂತಿಯಲ್ಲಿ ಪ್ರವಾಹ ಹೆಚ್ಚಿದಷ್ಟೂ ಶಕ್ತಿಯು ಶಾಖವಾಗಿ ವ್ಯರ್ಥವಾಗುತ್ತದೆ. ಅಷ್ಟೇ ಶಕ್ತಿಯನ್ನು ಹತ್ತು ಪಟ್ಟು ಒತ್ತಡದಲ್ಲಿ ಸಾಗಿಸಿದರೆ ಪ್ರವಾಹ ಹತ್ತನೆಯ ಒಂದಾಗುತ್ತದೆ, ನಷ್ಟವು ನೂರನೆಯ ಒಂದಾಗುತ್ತದೆ. ಅದಕ್ಕಾಗಿಯೇ ದೂರದ ಸಾಗಣೆಗೆ ಹೆಚ್ಚಿನ ಒತ್ತಡ. ಉಪಕೇಂದ್ರದಲ್ಲಿ 33 ಸಾವಿರ ವೋಲ್ಟು 11 ಸಾವಿರಕ್ಕೆ ಇಳಿಯುತ್ತದೆ, ನಾವು ‘ಡಿ.ಪಿ.’ ಎನ್ನುವ ಪರಿವರ್ತಕದಲ್ಲಿ ಮೋಟಾರಿಗೆ ತಕ್ಕ 415 ವೋಲ್ಟಾಗುತ್ತದೆ. ಉಪಕೇಂದ್ರವು ದೂರವಿದ್ದು ತಂತಿ ಉದ್ದವಾದರೆ, ಕಾಲುವೆಯ ತುದಿಯ ಹೊಲಕ್ಕೆ ನೀರು ತಲುಪದಂತೆ, ಕೊನೆಯ ಮೋಟಾರಿಗೆ ಒತ್ತಡ ಸಾಲದು. ಆಗ ಅದು ಹೆಚ್ಚು ಪ್ರವಾಹವನ್ನೆಳೆದು ಸುಟ್ಟುಹೋಗುತ್ತದೆ. ಬೇಡಿಕೆ ಬೆಳೆದಂತೆ ಉಪಕೇಂದ್ರವೂ ರೈತನ ಸಮೀಪಕ್ಕೆ ಬರಬೇಕೆಂಬುದು ಇದರಿಂದಲೇ ಸಿದ್ಧವಾಗುತ್ತದೆ.

ನಮ್ಮ ಪಾಲಿನ ತಪ್ಪುಗಳೂ ಇವೆ. 100 ಕೆ.ವಿ.ಎ. ಪರಿವರ್ತಕವು ಐದು ಅಶ್ವಶಕ್ತಿಯ ಸುಮಾರು ಹದಿನೆಂಟು ಮೋಟಾರುಗಳನ್ನು ಮಾತ್ರ ಹೊರಬಲ್ಲದು. ಆಕಡೆ ಹಾಕಿ ಇನ್ನೂ ಹತ್ತನ್ನು ಜೋಡಿಸಿದರೆ ಅದು ಉಳಿಯುವುದೆಂತು? ಮೋಟಾರು ಹೊರಡುವ ಕ್ಷಣದಲ್ಲಿ ಹಲವು ಪಟ್ಟು ಪ್ರವಾಹವನ್ನೆಳೆಯುತ್ತದೆ. ಎಲ್ಲರೂ ‘ಆಟೊ’ ಸ್ವಿಚ್ಚನ್ನು ಹಾಕಿಟ್ಟು ಮಲಗಿದರೆ, ಕರೆಂಟು ಮರಳಿದೊಡನೆ ಎಲ್ಲ ಮೋಟಾರುಗಳೂ ಒಮ್ಮೆಗೇ ಎದ್ದು ಡಿ.ಪಿ.ಯನ್ನು ಸುಡುತ್ತವೆ. ಬಳಿಕ ಬೆಳೆ ಒಣಗುವುದು ಎಲ್ಲರದು.

ಸಂಘಶಕ್ತಿಯಿಂದ ಏನಾಗಬಲ್ಲದೆಂಬುದಕ್ಕೆ ನಿದರ್ಶನ ದೂರವಿಲ್ಲ. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮವು ಹುಟ್ಟಿದಾಗ ದೇಶದಲ್ಲಿ ಪ್ರಯೋಗಕ್ಕೆಂದು ಮೊದಲು ಆರಿಸಿದ ಐದು ವಿದ್ಯುತ್ ಸಹಕಾರಿ ಸಂಘಗಳಲ್ಲಿ ಬೆಳಗಾವಿ ಜಿಲ್ಲೆಯ ಹುಕ್ಕೇರಿಯದೂ ಒಂದು. ಹಳ್ಳಿಗರೇ ಸದಸ್ಯರಾಗಿ ತಮ್ಮ ಸೀಮೆಗೆ ವಿದ್ಯುತ್ತನ್ನು ಹಂಚುವ ಹೊಣೆ ಹೊತ್ತರು. ನಮ್ಮಲ್ಲಿ ಅಂಥ ಸಂಘವಿಲ್ಲದಿದ್ದರೂ ಆ ಮನೋಭಾವ ಇರಬಾರದೇಕೆ? ಮಹಾರಾಷ್ಟ್ರ ಸರಕಾರವು 2017ರಲ್ಲಿ ಆರಂಭಿಸಿ 2023ರಲ್ಲಿ ವಿಸ್ತರಿಸಿದ ಸೌರ ಕೃಷಿ ವಾಹಿನಿ ಯೋಜನೆಯು ಉಪಕೇಂದ್ರಗಳ ಸಮೀಪದಲ್ಲಿ ಸೌರವಿದ್ಯುತ್ತನ್ನು ಉತ್ಪಾದಿಸಿ ಹಗಲಿನಲ್ಲಿಯೇ ಪಂಪುಗಳಿಗೆ ಕೊಡುವುದಾಗಿದೆ. ಇದಕ್ಕೂ, ಹೊಸ ಉಪಕೇಂದ್ರಕ್ಕೂ ಮೊದಲು ಬೇಕಾದುದು ಸ್ಥಳ. ಊರಿನ ಬರಡು ಭೂಮಿಯನ್ನು ಜಗಳವಿಲ್ಲದೆ ಒದಗಿಸುವುದು ಗ್ರಾಮಸಭೆಯ ಕೈಯಲ್ಲಿದೆ.

ಕೊನೆಯದಾಗಿ ಸಂಸ್ಥೆಯ ಕರ್ತವ್ಯ. ನಮ್ಮ ಮಕ್ಕಳು ವಾಯರಮನ್ನರೂ ಇಂಜಿನಿಯರರೂ ಆಗಬೇಕು. ವಿಜ್ಞಾನವನ್ನು ಕನ್ನಡದಲ್ಲಿ ಚೆನ್ನಾಗಿ ಅರಿತು, ಕಚೇರಿಯ ವ್ಯವಹಾರಕ್ಕೆ ಬೇಕಾದ ಮರಾಠಿಯನ್ನೂ ಕಲಿತು, ಎರಡು ಭಾಷೆಗಳ ನಡುವೆ ಸೇತುವೆಯಾಗಬೇಕು. ಹರಿದ ತಂತಿಯನ್ನು ಮುಟ್ಟಬಾರದೆಂಬ ಎಚ್ಚರಿಕೆಯನ್ನು ಅಜ್ಜ-ಅಜ್ಜಿಯರಿಗೆ ಅವರ ಮಾತಿನಲ್ಲಿಯೇ ತಿಳಿಸುವವರು ಈ ಮಕ್ಕಳೇ.

ರೈತನು ಹಗಲು ನೀರು ಹಾಯಿಸಿ ರಾತ್ರಿ ನಿದ್ರಿಸುವಂತಾಗಲಿ. ಅವನ ಮಗನು ರಾತ್ರಿ ದೀಪದಡಿಯಲ್ಲಿ ಓದಿ ಹಗಲು ಎಚ್ಚತ್ತು ಕುಳಿತುಕೊಳ್ಳುವಂತಾಗಲಿ. ಅದಕ್ಕಾಗಿ ಎಲ್ಲರೂ ಕೈಜೋಡಿಸಬೇಕೆಂದು ಪ್ರಾರ್ಥಿಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.