ನನ್ನ ಗಾಡಿ, ಎಲ್ಲರ ರಸ್ತೆ

(ಸಂಘದ ವಾರ್ಷಿಕ ಸಮಾವೇಶದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ನನಗೆ ಕೊಟ್ಟಿರುವ ವಿಷಯ, 'ರಸ್ತೆಯಲ್ಲಿ ಓಡುವ ವಾಹನಗಳನ್ನು ಮಾರ್ಪಡಿಸುವುದಕ್ಕೆ ನಿರ್ಬಂಧ ಬೇಕೇ?' ಎಂಬುದು. ಶಿಕ್ಷಣ ಸಂಘದ ವೇದಿಕೆಯಲ್ಲಿ ಇದೆಂಥ ವಿಷಯ ಎಂದು ಕೆಲವರು ಹುಬ್ಬೇರಿಸಿರಬಹುದು. ಆದರೆ ಈ ಸಭಾಂಗಣದ ಹೊರಗೆ ನಿಲ್ಲಿಸಿರುವ ಬೈಕು, ಕಾರುಗಳನ್ನು ಒಂದು ಸುತ್ತು ನೋಡಿ ಬಂದರೆ ವಿಷಯ ನಮಗೆ ಎಷ್ಟು ಹತ್ತಿರದ್ದೆಂದು ತಿಳಿಯುತ್ತದೆ. ಕಾರಿನ ಅಲಂಕಾರದ ಅಂಗಡಿ, ಗ್ಯಾರೇಜು, ಬಿಡಿಭಾಗಗಳ ವ್ಯಾಪಾರದಿಂದ ಬದುಕುವ ಕುಟುಂಬಗಳೂ ನಮ್ಮ ನಡುವೆ ಬಹಳಷ್ಟಿವೆ. ಆದುದರಿಂದ ನಾನು ಯಾರನ್ನೂ ಗದರಿಸಲು ಇಲ್ಲಿ ನಿಂತಿಲ್ಲ. ಮೊದಲು ನನ್ನದೇ ತಪ್ಪೊಂದನ್ನು ಹೇಳಿ ಮಾತು ಶುರುಮಾಡುತ್ತೇನೆ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ನನ್ನ ಬಳಿ ಒಂದು ಹಳೆಯ ಜೀಪು ಇತ್ತು. ಘಟ್ಟದ ದಾರಿಯಲ್ಲಿ ರಾತ್ರಿ ಓಡಾಟ ಹೆಚ್ಚು. ಕಂಪೆನಿಯ ದೀಪ ಸಾಲದೆಂದು ಅದರ ಬದಲು ಹೆಚ್ಚು ವ್ಯಾಟ್‌ನ ಬಲ್ಬು ಹಾಕಿಸಿದೆ. ದಾರಿ ಹಗಲಿನಂತೆ ಕಾಣುತ್ತಿತ್ತು, ಬಹಳ ಖುಷಿಪಟ್ಟೆ. ಒಂದು ಮುಂಜಾನೆ ಇನ್ನೂ ಕತ್ತಲಿರುವಾಗ, ಎದುರಿನಿಂದ ಸೈಕಲ್ಲಿನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುತ್ತಿದ್ದವರೊಬ್ಬರು ನನ್ನ ಕಣ್ಣೆದುರೇ ರಸ್ತೆ ಬಿಟ್ಟು ಚರಂಡಿಗೆ ಬಿದ್ದರು. ಇಳಿದು ಓಡಿದೆ. ಮೊಣಕೈ ತರಚಿತ್ತು, ಹಾಲೆಲ್ಲ ಚೆಲ್ಲಿ ಹೋಗಿತ್ತು. ಅವರು ಬೈಯಲಿಲ್ಲ. 'ಏನೂ ಕಾಣಲಿಲ್ಲ ಸ್ವಾಮಿ' ಎಂದಷ್ಟೇ ಹೇಳಿದರು. ಹಾಲಿನ ಹಣ ಕೊಟ್ಟೆ. ಅಂದೇ ಬಲ್ಬುಗಳನ್ನು ತೆಗೆಸಿದೆ. ನನಗೆ ದಾರಿ ಚೆನ್ನಾಗಿ ಕಾಣಲೆಂದು ನಾನು ಮಾಡಿಸಿದ ಬದಲಾವಣೆ, ಇನ್ನೊಬ್ಬರ ಪಾಲಿನ ದಾರಿಯನ್ನೇ ಅಳಿಸಿಹಾಕಿತ್ತು. ಈ ಚರ್ಚೆಯ ತಿರುಳೆಲ್ಲ ಆ ಒಂದು ಮಾತಿನಲ್ಲಿದೆ ಎಂದು ನನಗನಿಸುತ್ತದೆ.

ಈಗ ಕಾನೂನು ಏನು ಹೇಳುತ್ತದೆಂದು ನೋಡೋಣ. ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಈ ವಿಷಯಕ್ಕೆ ಸಂಬಂಧಿಸಿದ್ದು. 2000ನೇ ಇಸವಿಯ ತಿದ್ದುಪಡಿಯ ನಂತರ ಅದರ ಸಾರ ಇಷ್ಟು: ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ಮಾಲೀಕನು ವಾಹನವನ್ನು ಬದಲಾಯಿಸಬಾರದು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಮುಂತಾದವುಗಳಿಗೆ ಪರಿವರ್ತಿಸಲು ಷರತ್ತುಬದ್ಧ ಅವಕಾಶವಿದೆ. ಕೇರಳದಲ್ಲಿ ಈ ಕಲಮಿನ ಅರ್ಥದ ಬಗ್ಗೆ ವಿವಾದವೆದ್ದಾಗ, ಅಲ್ಲಿನ ಹೈಕೋರ್ಟು ವಾಹನ ಮಾಲೀಕರಿಗೆ ಅನುಕೂಲವಾಗುವಂತೆ ತೀರ್ಪಿತ್ತಿತ್ತು. ಆದರೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪದೆ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆ ಸಲ್ಲದು ಎಂದು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆಯು 182ಎ ಕಲಮನ್ನು ಹೊಸ ರೂಪದಲ್ಲಿ ತಂದಿತು. ಅದರಂತೆ ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. 'ಪ್ರತಿಯೊಂದು ಮಾರ್ಪಾಟಿಗೆ' ಎಂಬ ಪದವನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಾಲ್ಕು ಬದಲಾವಣೆಯಾದರೆ 20,000 ರೂಪಾಯಿ!

ಇಷ್ಟು ಕಠಿಣವಾದ ಕಾನೂನು ಏಕೆ? ಒಂದು ಕಾರನ್ನು ಮಾರುಕಟ್ಟೆಗೆ ಬಿಡುವ ಮೊದಲು ಅದರ ಬ್ರೇಕು, ದೀಪ, ತೂಕ, ಹೊಗೆ, ಶಬ್ದ ಎಲ್ಲವನ್ನೂ ಪರೀಕ್ಷಿಸಿ ಅನುಮೋದನೆ ನೀಡಲಾಗುತ್ತದೆ. ಅದರ ಒಂದೊಂದು ಭಾಗವೂ ಇನ್ನೊಂದಕ್ಕೆ ಹೊಂದಿಕೊಂಡಿರುತ್ತದೆ. ಒಂದನ್ನು ಬದಲಾಯಿಸಿದರೆ ನಮಗೆ ತಿಳಿಯದಂತೆ ಇನ್ನೊಂದು ಕೆಡುತ್ತದೆ. ನಾಲ್ಕೈದು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ದೀಪ. ಹಳೆಯ ಮಾದರಿಯ ಹೆಡ್‌ಲೈಟಿನ ಒಳಗಿನ ಪ್ರತಿಫಲಕವನ್ನು, ಹ್ಯಾಲೊಜೆನ್ ಬಲ್ಬಿನ ತಂತಿ ಇರುವ ಜಾಗವನ್ನು ಲೆಕ್ಕಹಾಕಿಯೇ ರೂಪಿಸಿರುತ್ತಾರೆ. ಅದರೊಳಗೆ ಅಂಗಡಿಯ ಎಲ್‌ಇಡಿ ತುರುಕಿದರೆ ಬೆಳಕು ರಸ್ತೆಯ ಮೇಲೆ ಬೀಳುವ ಬದಲು ಚದುರಿ ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಸಾಮಾನ್ಯ 60/55 ವ್ಯಾಟ್ ಬಲ್ಬಿನ ಜಾಗದಲ್ಲಿ 100 ವ್ಯಾಟ್ ಹಾಕಿದರೆ, ಅದಕ್ಕೆ ತಕ್ಕಂತಿಲ್ಲದ ವೈರು ಕಾದು ಬೆಂಕಿಯ ಭಯವೂ ಇದೆ. 2024ರ ಜುಲೈಯಿಂದ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದಾದ್ಯಂತ ಪ್ರಕರಣ ದಾಖಲಿಸಲು ತೊಡಗಿದ್ದು ಇದೇ ಕಾರಣಕ್ಕೆ.

ಎರಡನೆಯದು ಟಯರು. ದಪ್ಪ ಟಯರು ಚಂದವೆಂದು ಹಾಕಿಸುತ್ತೇವೆ. ಟಯರಿನ ವ್ಯಾಸ ಶೇಕಡ 5ರಷ್ಟು ಹೆಚ್ಚಾದರೂ ಸ್ಪೀಡೋಮೀಟರು 80 ತೋರಿಸುವಾಗ ಗಾಡಿ 84ರಲ್ಲಿ ಓಡುತ್ತಿರುತ್ತದೆ. ಗಾಡಿ ಎತ್ತರವಾದಷ್ಟೂ ತಿರುವಿನಲ್ಲಿ ಮಗುಚುವ ಸಾಧ್ಯತೆಯೂ ಹೆಚ್ಚು.

ಮೂರನೆಯದು ಮುಂದೆ ಕಟ್ಟುವ ಕಬ್ಬಿಣದ ಗಾರ್ಡು. ಇದು ನಮ್ಮನ್ನು ಕಾಪಾಡುತ್ತದೆಂದು ಬಹಳ ಜನ ನಂಬಿದ್ದಾರೆ. ಈಗಿನ ಕಾರುಗಳ ಮುಂಭಾಗ ಅಪಘಾತದಲ್ಲಿ ಮಡಚಿಕೊಂಡು ಹೊಡೆತವನ್ನು ತಾನು ನುಂಗುವಂತೆ ಮಾಡಲ್ಪಟ್ಟಿದೆ. ಕಬ್ಬಿಣದ ಗಾರ್ಡು ಆ ಹೊಡೆತವನ್ನು ನೇರವಾಗಿ ಚಾಸಿಗೆ, ಅಲ್ಲಿಂದ ಒಳಗಿರುವವರಿಗೆ ತಲುಪಿಸುತ್ತದೆ. ಏರ್‌ಬ್ಯಾಗಿನ ಸೆನ್ಸಾರಿನ ಲೆಕ್ಕವೂ ತಪ್ಪಬಹುದು. ಎದುರಿಗೆ ಸಿಕ್ಕಿದ ಪಾದಚಾರಿಯ ಗತಿ ಹೇಳಬೇಕಾಗಿಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಇಂಥ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆಯಿತು.

ನಾಲ್ಕನೆಯದು ಎಲ್ಲಕ್ಕಿಂತ ಸಣ್ಣದು, ಸೀಟಿನ ಕವರು. ಕೆಲವು ಕಾರುಗಳಲ್ಲಿ ಪಕ್ಕದ ಏರ್‌ಬ್ಯಾಗು ಸೀಟಿನ ಒಳಗೇ ಇರುತ್ತದೆ. ಅದರ ಮೇಲೆ ಬಿಗಿಯಾದ ಕವರು ಹೊಲಿಸಿದರೆ, ಬೇಕಾದ ಕ್ಷಣದಲ್ಲಿ ಅದು ಹೊರಬರಲಾರದು. ಹಣ ಕೊಟ್ಟು ಪಡೆದ ರಕ್ಷಣೆಯನ್ನು ಮತ್ತೆ ಹಣ ಕೊಟ್ಟು ಕಳೆದುಕೊಂಡಂತಾಯಿತು.

ಐದನೆಯದು ವೇಗ. ಗಂಟೆಗೆ 60 ಕಿಲೋಮೀಟರಿನಿಂದ 80ಕ್ಕೆ ಏರಿದಾಗ ವೇಗ ಮೂರರಲ್ಲೊಂದು ಪಾಲು ಮಾತ್ರ ಹೆಚ್ಚುತ್ತದೆ, ಆದರೆ ಡಿಕ್ಕಿಯ ಶಕ್ತಿ ಸುಮಾರು ಮುಕ್ಕಾಲು ಪಾಲು ಹೆಚ್ಚುತ್ತದೆ. ಎಂಜಿನ್ನಿನ ಬಲ ಹೆಚ್ಚಿಸುವವರು ಬ್ರೇಕನ್ನು ಹಾಗೆಯೇ ಬಿಡುತ್ತಾರೆ. 2022ರ ಅಕ್ಟೋಬರ್ 5ರ ರಾತ್ರಿ ಕೇರಳದ ಪಾಲಕ್ಕಾಡ್ ಜಿಲ್ಲೆಯ ವಡಕ್ಕಂಚೇರಿಯಲ್ಲಿ, ಊಟಿಗೆ ಪ್ರವಾಸ ಹೊರಟಿದ್ದ ಶಾಲಾ ಮಕ್ಕಳ ಬಸ್ಸು ಸರಕಾರಿ ಬಸ್ಸಿಗೆ ಹಿಂದಿನಿಂದ ಬಡಿದು ಒಂಬತ್ತು ಮಂದಿ ತೀರಿಕೊಂಡರು. ಅವರಲ್ಲಿ ಐವರು ವಿದ್ಯಾರ್ಥಿಗಳು, ಒಬ್ಬರು ಶಿಕ್ಷಕರು. ಆ ಬಸ್ಸಿನ ವೇಗ ನಿಯಂತ್ರಕದಲ್ಲಿ ಕೈಯಾಡಿಸಲಾಗಿತ್ತೆಂದು ತನಿಖೆಯಲ್ಲಿ ಕಂಡುಬಂತು. ಶಿಕ್ಷಣ ಸಂಘದ ಸದಸ್ಯರಾದ ನಾವು ಈ ಘಟನೆಯನ್ನು ಮರೆಯಬಾರದು. ಮಕ್ಕಳನ್ನು ಪ್ರವಾಸಕ್ಕೆ ಕಳಿಸುವಾಗ ಬಸ್ಸಿನ ಬಾಡಿಗೆ ಎಷ್ಟೆಂದು ಕೇಳುತ್ತೇವೆ, ಬಸ್ಸು ಹೇಗಿದೆ ಎಂದು ಎಷ್ಟು ಜನ ಕೇಳುತ್ತೇವೆ?

ಇನ್ನು ಎದುರು ವಾದಗಳನ್ನೂ ನ್ಯಾಯವಾಗಿ ನೋಡಬೇಕು.

'ನನ್ನ ಹಣ, ನನ್ನ ಗಾಡಿ' ಎನ್ನುವುದು ಮೊದಲ ವಾದ. ಮನೆಯಂಗಳದಲ್ಲಿ ನಿಂತಿರುವವರೆಗೆ ಅದು ಸರಿಯಾದ ಮಾತು. ಗೇಟು ದಾಟಿದ ಮೇಲೆ ಗಾಡಿ ನಿಮ್ಮದು, ರಸ್ತೆ ಎಲ್ಲರದು. ಸೈಲೆನ್ಸರು ಬದಲಿಸಿದ ಬೈಕಿನ ಸದ್ದಿಗೆ ಆಸ್ಪತ್ರೆಯ ರೋಗಿಯಾಗಲಿ, ಪರೀಕ್ಷೆಗೆ ಓದುವ ವಿದ್ಯಾರ್ಥಿಯಾಗಲಿ ಒಪ್ಪಿಗೆ ಕೊಟ್ಟಿಲ್ಲ.

'ಅಪಘಾತಗಳಿಗೆಲ್ಲ ಮಾರ್ಪಾಟೇ ಕಾರಣವೇ?' ಎನ್ನುವುದು ಎರಡನೆಯದು. ಖಂಡಿತ ಅಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅತಿವೇಗ, ಹೆಲ್ಮೆಟ್ ಧರಿಸದಿರುವುದು, ಕೆಟ್ಟ ರಸ್ತೆ, ಎಲ್ಲವೂ ಅದರಲ್ಲಿ ಸೇರಿವೆ. ಗುಂಡಿ ಮುಚ್ಚದ ಆಡಳಿತ ಹುಡುಗರ ಅಲಾಯ್ ಚಕ್ರವನ್ನು ಮಾತ್ರ ಹುಡುಕುತ್ತದೆ ಎಂಬ ಸಿಟ್ಟಿನಲ್ಲಿ ಸತ್ಯಾಂಶವಿದೆ. ಆದರೆ ಬೇರೆಯವರ ತಪ್ಪು ನಮ್ಮ ತಪ್ಪಿಗೆ ರಸೀದಿಯಾಗುವುದಿಲ್ಲ.

ಮೂರನೆಯದು, ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು: ನಿಯಮ ಸಾಮಾನ್ಯನಿಗೆ ಅರ್ಥವಾಗುವುದಿಲ್ಲ. ಕಿಟಕಿಯ ಕಪ್ಪು ಫಿಲ್ಮನ್ನೇ ನೋಡಿ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇಕಡ 70, ಪಕ್ಕದ ಗಾಜಿನಲ್ಲಿ ಶೇಕಡ 50ರಷ್ಟು ಬೆಳಕು ಹಾಯಬೇಕೆಂಬುದು ನಿಯಮ. 2012ರಲ್ಲಿ ಸುಪ್ರೀಂ ಕೋರ್ಟು ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿತು. ನಂತರ ನಿಯಮ ತಿದ್ದುಪಡಿಯಾಯಿತು. 2024ರಲ್ಲಿ ಕೇರಳ ಹೈಕೋರ್ಟು, ತಿದ್ದುಪಡಿಯಾದ ನಿಯಮದ ಪ್ರಕಾರ ನಿಗದಿತ ಪಾರದರ್ಶಕತೆಯ ಫಿಲ್ಮಿಗೆ ಅವಕಾಶವಿದೆ ಎಂದಿತು. ವಕೀಲರೇ ಚರ್ಚಿಸುವ ವಿಷಯವನ್ನು ಆಟೋ ಓಡಿಸುವವನು ಹೇಗೆ ತಿಳಿಯಬೇಕು? ತಿಳಿಯದ ನಿಯಮದಿಂದ ಸುರಕ್ಷತೆ ಬರುವುದಿಲ್ಲ, ರಸ್ತೆಬದಿಯ ಚೌಕಾಸಿ ಮಾತ್ರ ಹೆಚ್ಚುತ್ತದೆ.

ನಾಲ್ಕನೆಯದು ಅಂಗವಿಕಲರ ಪ್ರಶ್ನೆ. ಕಾಲಿನ ಬಲವಿಲ್ಲದ ನನ್ನ ಸ್ನೇಹಿತರೊಬ್ಬರು ಬ್ರೇಕು ಮತ್ತು ಆಕ್ಸಿಲರೇಟರನ್ನು ಕೈಯಿಂದಲೇ ನಡೆಸುವಂತೆ ಕಾರನ್ನು ಸಿದ್ಧಪಡಿಸಿಕೊಂಡರು. ಅದನ್ನು ದಾಖಲೆಯಲ್ಲಿ ಬರೆಸಲು ಅವರು ಕಚೇರಿಗೆ ಅಲೆದ ಅಲೆದಾಟ ನನಗೆ ಗೊತ್ತು. ಅವರ ಪಾಲಿಗೆ ಮಾರ್ಪಾಟು ಶೋಕಿಯಲ್ಲ, ದುಡಿಮೆಗೆ ಹೋಗುವ ದಾರಿ. 2019ರ ತಿದ್ದುಪಡಿಯು 'ಅಶಕ್ತರ ಗಾಡಿ' ಎಂಬರ್ಥದ ಹಳೆಯ ಪದವನ್ನು ಕೈಬಿಟ್ಟು, 'ಹೊಂದಿಸಿದ ವಾಹನ' ಎಂಬರ್ಥದ ಪದವನ್ನು ತಂದು ಇಂಥ ಬದಲಾವಣೆಗೆ ಷರತ್ತಿನೊಂದಿಗೆ ಅವಕಾಶ ಮಾಡಿಕೊಟ್ಟಿದೆ. ಕಾನೂನು ಬದಲಾದರೆ ಸಾಲದು, ಕಚೇರಿಯ ಮೆಟ್ಟಿಲೂ ಸುಲಭವಾಗಬೇಕು.

ಹೊರದೇಶಗಳಲ್ಲಿ ಏನಿದೆ? ನಮ್ಮವರು ಬಹಳಷ್ಟು ಮಂದಿ ದುಡಿಯುತ್ತಿರುವ ದುಬೈಯಲ್ಲಿ, ವೇಗ ಅಥವಾ ಸದ್ದು ಹೆಚ್ಚುವಂತೆ ಮಾರ್ಪಡಿಸಿ ಜಪ್ತಿಯಾದ ವಾಹನವನ್ನು ಬಿಡಿಸಿಕೊಳ್ಳಲು 10,000 ದಿರ್ಹಮ್ ತೆರಬೇಕೆಂದು 2023ರ ಆದೇಶ ಹೇಳಿತು. ಅಲ್ಲಿ ತಲೆಬಗ್ಗಿಸಿ ನಿಯಮ ಪಾಲಿಸುವವರು ಊರಿಗೆ ಬಂದ ಕೂಡಲೇ ಸೈಲೆನ್ಸರು ಬದಲಿಸುವುದೇಕೆ? ಜರ್ಮನಿಯ ಕ್ರಮ ಬೇರೆ. ಅಲ್ಲಿ ಅನುಮೋದಿತ ಭಾಗಗಳನ್ನು ಹಾಕಿಸಬಹುದು. ಉಳಿದವುಗಳನ್ನು ಅಧಿಕೃತ ತಜ್ಞರು ಪರೀಕ್ಷಿಸಿ, ವಾಹನದ ದಾಖಲೆಯಲ್ಲಿ ನಮೂದಿಸಬೇಕು. ಅದನ್ನು ಮೀರಿದರೆ ವಾಹನ ಓಡಿಸುವ ಪರವಾನಗಿಯೇ ರದ್ದಾಗಬಹುದು. ಅಂದರೆ ಬಾಗಿಲು ಮುಚ್ಚಿಲ್ಲ, ಬಾಗಿಲಲ್ಲಿ ಕಾವಲಿದೆ.

ಆದುದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಿರ್ಬಂಧ ಬೇಕೇ ಬೇಕು. ದೀಪ, ಬ್ರೇಕು, ಚಾಸಿ, ಸೈಲೆನ್ಸರು, ವೇಗ ನಿಯಂತ್ರಕ, ಇವುಗಳ ಮೇಲೆ ಯಾವ ರಿಯಾಯಿತಿಯೂ ಬೇಡ. ಆದರೆ ನಿರ್ಬಂಧದ ಜೊತೆಗೆ ಮೂರು ಕೆಲಸಗಳಾಗಬೇಕು. ಯಾವುದು ಸರಿ, ಯಾವುದು ತಪ್ಪು ಎಂಬ ಪಟ್ಟಿ ಸರಳ ಕನ್ನಡದಲ್ಲಿ ಪ್ರತಿ ಸಾರಿಗೆ ಕಚೇರಿಯಲ್ಲೂ, ಪ್ರತಿ ಅಂಗಡಿಯಲ್ಲೂ ತೂಗಬೇಕು. ಸುರಕ್ಷಿತವಾದ ಬದಲಾವಣೆಯನ್ನು ಪರೀಕ್ಷಿಸಿ ದಾಖಲಿಸುವ ವ್ಯವಸ್ಥೆ ಜಿಲ್ಲೆ ಜಿಲ್ಲೆಗೂ ಬರಬೇಕು. ಮತ್ತು ದಂಡ ಕೊಂಡವನಿಗೆ ಮಾತ್ರ ಬೀಳಬಾರದು. ನಿಯಮ ಮೀರಿದ ವಾಹನವನ್ನು ಮಾರುವ ಅಥವಾ ಮಾರ್ಪಡಿಸುವ ತಯಾರಕ, ಆಮದುದಾರ, ಡೀಲರುಗಳಿಗೆ ವಾಹನವೊಂದಕ್ಕೆ 1 ಲಕ್ಷ ರೂಪಾಯಿ ದಂಡದ ಮಾತು 182ಎ ಕಲಮಿನಲ್ಲೇ ಇದೆ. ಹದಿನೆಂಟರ ಹುಡುಗನನ್ನು ಹಿಡಿಯುವುದು ಸುಲಭ. ಮೂಲವನ್ನು ಹಿಡಿಯಬೇಕು.

ಗ್ಯಾರೇಜು, ಅಂಗಡಿ ನಡೆಸುವ ಸಹೋದರರಲ್ಲಿ ಒಂದು ಮಾತು. ನಿಮ್ಮ ಅನ್ನಕ್ಕೆ ಕಲ್ಲು ಹಾಕುವ ಉದ್ದೇಶ ನನಗಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ನಮ್ಮೂರ ಬಸ್‌ಸ್ಟ್ಯಾಂಡಿನವರೆಗೆ ಈ ವ್ಯಾಪಾರ ಸಾವಿರಾರು ಮನೆಗಳ ಒಲೆ ಉರಿಸುತ್ತಿದೆ. ಆದರೆ 'ಇದು ಕಾನೂನಿಗೆ ವಿರುದ್ಧ, ವಿಮೆಗೂ ತೊಂದರೆಯಾದೀತು' ಎಂದು ಗಿರಾಕಿಗೆ ಹೇಳಿ ಒಂದು ವ್ಯಾಪಾರ ಕಳಕೊಂಡವನ ಅಂಗಡಿಗೆ ಆ ಗಿರಾಕಿ ಹತ್ತು ಸಲ ಬರುತ್ತಾನೆ. ಸಿಎನ್‌ಜಿ, ಬ್ಯಾಟರಿ ಪರಿವರ್ತನೆಯಂಥ ಅಧಿಕೃತ ಕೆಲಸಗಳ ತರಬೇತಿಯನ್ನು ನಮ್ಮ ಯುವಕರಿಗೆ ಕೊಡಿಸುವ ಬಗ್ಗೆ ಸಂಘವು ಯೋಚಿಸಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ.

ವಿದ್ಯಾರ್ಥಿ ಮಿತ್ರರೇ, ಗಾಡಿಯನ್ನು ಬಿಚ್ಚಿ ಜೋಡಿಸುವ ನಿಮ್ಮ ಆಸೆ ಕೆಟ್ಟದ್ದಲ್ಲ. ಎಂಜಿನಿಯರ್ ಹುಟ್ಟುವುದು ಅಂಥ ಆಸೆಯಿಂದಲೇ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ವಾಹನ ನಿರ್ಮಿಸಿ ಸ್ಪರ್ಧಿಸುವ 'ಬಾಹಾ' ಸ್ಪರ್ಧೆ ನಮ್ಮ ದೇಶದಲ್ಲಿ 2007ರಿಂದ ನಡೆದುಬಂದಿದೆ. ವೇಗದ ಹುಚ್ಚಿದ್ದವರಿಗೆ ಕೊಯಮತ್ತೂರಿನಲ್ಲಿ, ಚೆನ್ನೈ ಬಳಿಯಲ್ಲಿ ರೇಸಿನ ಟ್ರ್ಯಾಕುಗಳಿವೆ. ಅಲ್ಲಿ ಎದುರಿನಿಂದ ಹಾಲಿನ ಸೈಕಲ್ಲು ಬರುವುದಿಲ್ಲ. ನಿಮ್ಮ ಪ್ರತಿಭೆಯನ್ನು ಅಂಥ ಕಡೆ ತೋರಿಸಿ, ನಾವೆಲ್ಲ ಬಂದು ಚಪ್ಪಾಳೆ ತಟ್ಟುತ್ತೇವೆ.

ಇಂದು ಮನೆಗೆ ಹೋದಮೇಲೆ ಪ್ರತಿಯೊಬ್ಬರೂ ಒಂದು ಸಣ್ಣ ಕೆಲಸ ಮಾಡಿ. ಕತ್ತಲಾದ ಮೇಲೆ ನಿಮ್ಮ ಗಾಡಿಯ ದೀಪ ಹೊತ್ತಿಸಿ, ಇಪ್ಪತ್ತು ಹೆಜ್ಜೆ ಮುಂದೆ ಹೋಗಿ, ತಿರುಗಿ ನಿಂತು ನೋಡಿ. ಎದುರಿನಿಂದ ಬರುವವನಿಗೆ ನೀವು ಹೇಗೆ ಕಾಣುತ್ತೀರಿ ಎಂಬುದು ಆಗ ತಿಳಿಯುತ್ತದೆ. ಅಂದು ನಾನು ಇದನ್ನು ಮಾಡಿದ್ದರೆ ಆ ಬಡವನ ಹಾಲು ಚೆಲ್ಲುತ್ತಿರಲಿಲ್ಲ.