ಬಿತ್ತದ ಗೋಧಿ, ಬಾರದ ಪರಿಹಾರ

(ಮಾರ್ಚ್ 2024ರ ಕೊನೆಯ ವಾರ ಪ್ರಸಾರವಾದ ಮಾತು)



ಚುನಾವಣೆ ಘೋಷಣೆಯಾಗಿ ಹತ್ತು ದಿನ ಕಳೀತು. ಯಾರಿಗೆ ಟಿಕೆಟ್ ಸಿಕ್ತು, ಯಾರಿಗೆ ತಪ್ಪಿತು, ಯಾರು ಮುನಿಸಿಕೊಂಡು ಫೋನ್ ಸ್ವಿಚ್ ಆಫ್ ಮಾಡಿದ್ರು ಅಂತ ಬೆಳಗ್ಗೆಯಿಂದ ರಾತ್ರಿವರೆಗೆ ಹೇಳ್ತಾನೇ ಇದ್ದೀವಿ. ಇವತ್ತು ಈ ಹತ್ತು ನಿಮಿಷ ಗೋಧಿ ಬಗ್ಗೆ ಮಾತಾಡ್ತೀನಿ. ರಿಮೋಟ್ ತಗೋಬೇಡಿ. ನಾಳೆ ಬೆಳಗ್ಗೆ ನಿಮ್ಮ ತಟ್ಟೆಗೆ ಬರೋ ಉಪ್ಪಿಟ್ಟಿನ ವಿಚಾರ ಇದು.

ನಾನಿರೋದು ದೊಮ್ಮಲೂರಿನಲ್ಲಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ಬತ್ತಿ ಒಂದು ತಿಂಗಳಾಯ್ತು. ಈಗ ಟ್ಯಾಂಕರೇ ಗತಿ. ಸಂಪಿನಲ್ಲಿ ನೀರು ಅರ್ಧಕ್ಕಿಂತ ಕೆಳಗೆ ಇಳಿದ ತಕ್ಷಣ ವಾಚ್‌ಮನ್ ಹೋಗಿ ವಾಲ್ವ್ ತಿರುಗಿಸಿಬಿಡ್ತಾನೆ, ಆರೂ ಮಹಡಿಗೆ ನೀರು ಬಂದ್. ಸಂಪು ಪೂರ್ತಿ ಖಾಲಿಯಾಗೋ ತನಕ ಅವನು ಕಾಯಲ್ಲ. ಈ ವಾಚ್‌ಮನ್‌ನ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗ್ತಾನೆ.

ಬಸ್ ಡಿಪೋ ಹತ್ತಿರದ ಒಂದು ಗಲ್ಲಿಯಲ್ಲಿ ಹಿಟ್ಟಿನ ಮಿಲ್ ಇದೆ. ಭಾನುವಾರ ಗೋಧಿ ಬೀಸಿಸೋಕೆ ಹೋಗಿದ್ದೆ. ಅದನ್ನ ನಡೆಸೋರು ವಿಜಯಪುರ ಜಿಲ್ಲೆಯವರು, ಹಾಗಾಗಿ ಅವರ ಬಾಯಲ್ಲಿ ಅದು ಮಿಲ್ ಅಲ್ಲ, ಗಿರಣಿ. ಸುತ್ತಮುತ್ತ ಇರೋ ಸಾಫ್ಟ್‌ವೇರ್ ಮಂದಿಗೆ ಚಪಾತಿ ಇಲ್ಲದೆ ನಡೆಯಲ್ಲ, ವ್ಯಾಪಾರ ಚೆನ್ನಾಗಿದೆ. ಚೀಲಗಳೆಲ್ಲ ಮಧ್ಯಪ್ರದೇಶದ ಗೋಧಿ. "ನಿಮ್ಮೂರ ಗೋಧಿ ಇಲ್ವಾ?" ಅಂತ ಸುಮ್ಮನೆ ಕೇಳಿದೆ.

"ನಮ್ಮೂರಾಗ ಈ ಸಲ ಬಿತ್ತೇ ಇಲ್ರೀ ಸರ," ಅಂದ್ರು. "ಎರಿ ಹೊಲದಾಗ ಹಸಿನೇ ಇರಲಿಲ್ಲ. ಹಸಿ ಇಲ್ಲದ ಹೆಂಗ ಬಿತ್ತೂದು? ಟಿವಿಯಾಗ ನೀವು ಬೆಳಿ ಒಣಗಿತು, ಬೆಳಿ ಒಣಗಿತು ಅಂತೀರಿ. ಒಣಗಾಕ ಮೊದಲ ಹುಟ್ಟಬೇಕಲ್ರೀ."

ನಿಜ ಹೇಳಬೇಕಂದ್ರೆ ನನಗೆ ನಾಚಿಕೆ ಆಯ್ತು. ಕಳೆದ ಸೆಪ್ಟೆಂಬರ್‌ನಿಂದ ಬರದ ಸುದ್ದಿ ಓದ್ತಾ ಇದ್ದೀನಿ. 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಎಷ್ಟು ಸಲ ಓದಿದ್ದೀನೋ ಲೆಕ್ಕ ಇಲ್ಲ. ಬಿತ್ತದೇ ಉಳಿದ ಹೊಲದ ಬಗ್ಗೆ ಒಂದು ಸ್ಟೋರಿ ಮಾಡಿಲ್ಲ. ಮಾಡೋದಾದ್ರೂ ಹೇಗೆ? ಕ್ಯಾಮರಾಕ್ಕೆ ಒಣಗಿದ ಪೈರು ಬೇಕು. ಬರಿ ನೆಲ ತೋರಿಸಿದ್ರೆ ಯಾರು ನೋಡ್ತಾರೆ?

ಅವರು ಹೇಳಿದ 'ಹಸಿ' ಅನ್ನೋ ಮಾತಿನಲ್ಲಿ ಉತ್ತರ ಕರ್ನಾಟಕದ ಗೋಧಿಯ ಕಥೆಯೆಲ್ಲ ಇದೆ. ಪಂಜಾಬಿನಲ್ಲಿ ಗೋಧಿಗೆ ಕಾಲುವೆ ಇದೆ, ಕೊಳವೆಬಾವಿ ಇದೆ. ನಮ್ಮ ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡದ ಒಣಬೇಸಾಯದಲ್ಲಿ ಗೋಧಿ ಬಿತ್ತೋದು ಮಳೆ ಬರುವಾಗಲ್ಲ, ಮಳೆ ಮುಗಿದ ಮೇಲೆ. ಮುಂಗಾರಿನಲ್ಲಿ ಕಪ್ಪು ಎರೆಮಣ್ಣು ಸ್ಪಂಜಿನ ಹಾಗೆ ನೀರು ಕುಡಿದು ಇಟ್ಟುಕೊಳ್ಳುತ್ತೆ. ಅಕ್ಟೋಬರ್, ನವೆಂಬರ್‌ನಲ್ಲಿ ಕೂರಿಗೆ ಹೂಡಿ ಬಿತ್ತಿದ್ರೆ ಫೆಬ್ರುವರಿ ತನಕ ಆ ಗಿಡ ನೆಲದೊಳಗಿನ ತೇವವನ್ನೇ ಕುಡಿದು ಬೆಳೆಯುತ್ತೆ. ಅಂದ್ರೆ ಅದು ಬದುಕೋದು ಉಳಿತಾಯದ ಖಾತೆಯಿಂದ. 2023ರ ಆಗಸ್ಟ್, ದೇಶದಲ್ಲಿ 1901ರಿಂದ ಈಚೆಗೆ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್. ಖಾತೆಗೆ ದುಡ್ಡೇ ಬೀಳಲಿಲ್ಲ.

ಬಿತ್ತಿದ ಗಿಡವಾದ್ರೂ ನೀರು ಕಡಿಮೆಯಾದಾಗ ಏನು ಮಾಡುತ್ತೆ? ನಾನು ಓದಿದ್ದು ಇಂಜಿನಿಯರಿಂಗ್, ಕೃಷಿ ಅಲ್ಲ. ಆದ್ರೆ ಇದನ್ನ ಓದ್ತಾ ಹೋದ ಹಾಗೆ, ನಾವು ನಾಲ್ಕು ವರ್ಷ ಕಲಿತ ಕಂಟ್ರೋಲ್ ಸಿಸ್ಟಮ್ಸ್ ಈ ಹುಲ್ಲಿಗೆ ಹುಟ್ಟಿನಿಂದಲೇ ಗೊತ್ತು ಅನ್ನಿಸಿತು. ಈಗ ವಾಚ್‌ಮನ್‌ನ ಕರೀರಿ. ಸುತ್ತಲಿನ ಮಣ್ಣು ಒಣಗ್ತಿದೆ ಅಂತ ಮೊದಲು ಗೊತ್ತಾಗೋದು ಬೇರಿಗೆ. ಎಲೆ ಬಾಡೋ ತನಕ ಕಾಯದೆ ಗಿಡ ಅಬ್ಸಿಸಿಕ್ ಆಮ್ಲ ಅನ್ನೋ ಹಾರ್ಮೋನ್ ಮೂಲಕ ಎಲೆಗೆ ಸುದ್ದಿ ಮುಟ್ಟಿಸುತ್ತೆ. ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳಿವೆ, ಪತ್ರರಂಧ್ರ ಅಂತ ಶಾಲೆಯಲ್ಲಿ ಓದಿದ್ದೀವಲ್ಲ, ಅವು ಮುಚ್ಚಿಕೊಳ್ತವೆ. ನೀರು ಆವಿಯಾಗೋದು ನಿಲ್ಲುತ್ತೆ.

ಆದ್ರೆ ಇಂಗಾಲದ ಡೈ ಆಕ್ಸೈಡ್ ಒಳಗೆ ಬರೋದೂ ಅದೇ ಬಾಗಿಲಿನಿಂದ. ಬಾಗಿಲು ಹಾಕಿದ್ರೆ ಊಟ ತಯಾರಾಗಲ್ಲ. ಇನ್ನೊಂದು ತೊಂದರೆ, ಆವಿಯಾಗೋ ನೀರೇ ಎಲೆಯನ್ನ ತಣ್ಣಗಿಡೋದು. ನಮಗೆ ಬೆವರು ಇದ್ದ ಹಾಗೆ. ಬೆವರೋದು ನಿಲ್ಲಿಸಿದ ಗಿಡದ ಮೈ ಕಾಯುತ್ತೆ. ಬರ ಒಂದೇ ಬಂದ್ರೆ ಗೋಧಿ ಹೇಗೋ ತಡಕೊಳ್ಳುತ್ತೆ, ಬಿಸಿ ಒಂದೇ ಬಂದ್ರೆ ನೀರು ಕುಡಿದು ತಣ್ಣಗಾಗುತ್ತೆ. ಎರಡೂ ಒಟ್ಟಿಗೆ ಬಂದಾಗ ಒಂದಕ್ಕೆ ಮಾಡೋ ಔಷಧಿ ಇನ್ನೊಂದಕ್ಕೆ ವಿಷ. ಹವಾಮಾನ ಬದಲಾವಣೆ ತರ್ತಿರೋದು ಈ ಜೋಡಿಯನ್ನ.

ಯಾವಾಗ ಬರುತ್ತೆ ಅನ್ನೋದೂ ಮುಖ್ಯ. ತೆನೆ ಇನ್ನೂ ಕಾಂಡದೊಳಗೆ ಬಸಿರಾಗಿರೋ ದಿನಗಳಲ್ಲಿ ನೀರು ತಪ್ಪಿದ್ರೆ ಪರಾಗ ಹಾಳಾಗಿ ಕಾಳಿನ ಸಂಖ್ಯೆಯೇ ಇಳಿಯುತ್ತೆ. ಆಮೇಲೆ ಮಳೆ ಬಂದ್ರೂ ಆ ಕಾಳು ವಾಪಸ್ ಬರಲ್ಲ. ಕಾಳು ಹಾಲು ತುಂಬೋ ಹೊತ್ತಿಗೆ ಬಿಸಿಲು ಏರಿದ್ರೆ ಸಂಖ್ಯೆ ಅಷ್ಟೇ ಇರುತ್ತೆ, ಕಾಳು ಸುಕ್ಕಾಗುತ್ತೆ. ಆಗ ಗಿಡ ಕಾಂಡದಲ್ಲಿ ಕೂಡಿಟ್ಟ ಸಕ್ಕರೆಯನ್ನ ತೆಗೆದು ಕಾಳಿಗೆ ಸುರಿಯುತ್ತೆ. ಮಗಳ ಮದುವೆಗೆ ಎಫ್‌ಡಿ ಮುರಿಸಿದ ಹಾಗೆ. ಎಲೆ ಹಳದಿಯಾಗುತ್ತೆ, ಆಯಸ್ಸು ಮೊಟಕಾಗುತ್ತೆ, ಹತ್ತು ಹದಿನೈದು ದಿನ ಮೊದಲೇ ಅಂಗಡಿ ಮುಚ್ಚಿಬಿಡುತ್ತೆ. ಗಿಡಕ್ಕೆ ಬೇಕಾದದ್ದು ಮುಂದಿನ ಪೀಳಿಗೆಗೆ ನಾಲ್ಕು ಕಾಳು. ಚೀಲ ತುಂಬಬೇಕು ಅನ್ನೋದು ನಮ್ಮ ಚಿಂತೆ.

ಎರಡು ವರ್ಷದ ಹಿಂದೆ ಇಡೀ ದೇಶ ಇದನ್ನ ನೋಡಿತು. 2022ರ ಮಾರ್ಚ್, ಆವತ್ತಿಗೆ 122 ವರ್ಷಗಳ ದಾಖಲೆಯಲ್ಲೇ ಅತಿ ಬಿಸಿಯ ಮಾರ್ಚ್. ಪಂಜಾಬ್, ಹರಿಯಾಣದಲ್ಲಿ ಕಾಳು ತುಂಬೋ ಸಮಯ. ನೀರಾವರಿ ಇತ್ತು, ಆದ್ರೂ ಕಾಳು ಸುಕ್ಕಾಯ್ತು. ಜಗತ್ತಿಗೇ ಆಹಾರ ಕೊಡ್ತೀವಿ ಅನ್ನೋ ಮಾತನ್ನ ಏಪ್ರಿಲ್‌ನಲ್ಲಿ ನಾವೇ ಫ್ಲ್ಯಾಶ್ ಹೊಡೆದಿದ್ವಿ. ಮೇ 13ಕ್ಕೆ ಗೋಧಿ ರಫ್ತು ನಿಷೇಧ. ಹಿಂದಿನ ವರ್ಷ 433 ಲಕ್ಷ ಟನ್ ಇದ್ದ ಸರ್ಕಾರಿ ಖರೀದಿ ಆ ವರ್ಷ 188 ಲಕ್ಷ ಟನ್ನಿಗೆ ಇಳೀತು. ಎಲ್ಲವೂ ಬಿಸಿಲಿನಿಂದಲೇ ಅಲ್ಲ, ಉಕ್ರೇನ್ ಯುದ್ಧದಿಂದ ಬೆಲೆ ಏರಿ ವ್ಯಾಪಾರಿಗಳು ಹೆಚ್ಚು ಕೊಟ್ಟು ಕೊಂಡ್ರು. ಆದ್ರೂ ಉಗ್ರಾಣ ಬರಿದಾದದ್ದು ಬರಿದಾದದ್ದೇ. ಜಾಗತಿಕ ತಾಪಮಾನ ಒಂದು ಡಿಗ್ರಿ ಏರಿದ್ರೆ ಪ್ರಪಂಚದ ಗೋಧಿ ಉತ್ಪಾದನೆ ಸುಮಾರು 6% ಇಳಿಯುತ್ತೆ ಅಂತ 2015ರಲ್ಲೇ ವಿಜ್ಞಾನಿಗಳು ಲೆಕ್ಕ ಕೊಟ್ಟಿದ್ರು.

ಗಾಳಿಯಲ್ಲಿ ಇಂಗಾಲ ಹೆಚ್ಚಾದ್ರೆ ಬೆಳೆಗೆ ಒಳ್ಳೇದೇ ಅಲ್ವಾ ಅಂತ ಕೆಲವರು ವಾಟ್ಸಾಪ್‌ನಲ್ಲಿ ಕಳಿಸ್ತಾರೆ. ಅರ್ಧ ಸತ್ಯ. ಗೋಧಿ ಸ್ವಲ್ಪ ಹೆಚ್ಚು ಬೆಳೆಯುತ್ತೆ, ನೀರೂ ಸ್ವಲ್ಪ ಉಳಿಯುತ್ತೆ. ಆದ್ರೆ ಆ ಕಾಳಿನಲ್ಲಿ ಸತು ಸುಮಾರು 9%, ಪ್ರೋಟೀನ್ 6%, ಕಬ್ಬಿಣ 5% ಕಡಿಮೆ ಅಂತ ಬಯಲಿನಲ್ಲೇ ಬೆಳೆಸಿ ಅಳೆದಿದ್ದಾರೆ. ಚಪಾತಿ ಅಷ್ಟೇ, ಸತ್ವ ಕಡಿಮೆ.

ಈಗ ಉಪ್ಪಿಟ್ಟಿಗೆ ಬರ್ತೀನಿ. ಬೆಂಗಳೂರಿನ ಯಾವ ಅಂಗಡಿಗೆ ಹೋದ್ರೂ ಬನ್ಸಿ ರವೆ ಸಿಗುತ್ತೆ. ಬನ್ಸಿ ಅಂದ್ರೆ ಏನು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ, ಯಾವುದೋ ಕಂಪನಿ ಹೆಸರು ಅಂದ್ಕೊಂಡಿದ್ದೆ. ಬನ್ಸಿ ಒಂದು ಗೋಧಿಯ ಹೆಸರು. ಮಧ್ಯ ಭಾರತ, ದಖ್ಖನ್ನಿನ ಎರೆನೆಲದಲ್ಲಿ ಮಳೆಯಾಶ್ರಯದಲ್ಲೇ ಬೆಳೀತಿದ್ದ ಗಟ್ಟಿ ಕಾಳಿನ ಡ್ಯೂರಂ ಜಾತಿ. ಇವತ್ತಿನ ಪ್ಯಾಕೆಟ್ಟಿನ ಒಳಗೆ ಅದೇ ತಳಿ ಇದೆಯಾ ಅಂತ ಲೇಬಲ್ ಹೇಳಲ್ಲ. ಹೆಸರಂತೂ ಉಳಿದಿದೆ. ನಮ್ಮ ಕಡೆ ಇದೇ ಡ್ಯೂರಂ ಕುಲದ ಬಿಜಗಾ ಯೆಲ್ಲೋ ಅನ್ನೋ ತಳಿಯನ್ನ ಒಣಭೂಮಿಯಲ್ಲಿ ಬಹಳ ವರ್ಷ ಬೆಳೆದ್ರು.

ಈ ಹಳೇ ಗೋಧಿಗಳು ಎತ್ತರ. ಗೊಬ್ಬರ, ನೀರು ಜಾಸ್ತಿ ಕೊಟ್ರೆ ತೆನೆ ಭಾರಕ್ಕೆ ನೆಲ ಕಚ್ತಾವೆ. ಹಸಿರು ಕ್ರಾಂತಿಯಲ್ಲಿ ಬಂದ ಗಿಡ್ಡ ಗೋಧಿ ಆ ಸಮಸ್ಯೆ ಬಗೆಹರಿಸಿ ದೇಶದ ಹೊಟ್ಟೆ ತುಂಬಿಸಿತು, ಅದನ್ನ ಹಳಿಯೋ ಫ್ಯಾಷನ್ ನನಗೆ ಹಿಡಿಸಲ್ಲ. ಆದ್ರೆ ಕಾಂಡವನ್ನ ಗಿಡ್ಡ ಮಾಡಿದ ಅದೇ ವಂಶವಾಹಿ, ಮೊಳಕೆಯನ್ನ ಮಣ್ಣಿನಿಂದ ಮೇಲೆ ತರೋ ಕವಚವನ್ನೂ ಗಿಡ್ಡ ಮಾಡಿತು. ನೀರಾವರಿಯಲ್ಲಿ ಇದು ಲೆಕ್ಕಕ್ಕೇ ಬರಲ್ಲ, ಮೇಲೆ ಮೇಲೆ ಬಿತ್ತಿ ನೀರು ಬಿಟ್ರೆ ಮುಗೀತು. ಎರೆನೆಲದಲ್ಲಿ ಮೇಲಿನ ಮಣ್ಣು ಒಣಗಿ ಹಸಿ ಕೆಳಗೆ ಇಳಿದಾಗ ಆಳಕ್ಕೆ ಬಿತ್ತಬೇಕು. ಆ ಆಳದಿಂದ ಎದ್ದು ಬರೋ ಶಕ್ತಿ ಉದ್ದ ಕವಚದ ಗೋಧಿಗೇ ಹೆಚ್ಚು.

ಇನ್ನೊಂದು ನಮ್ಮದೇ ಗೋಧಿ, ಜವೆಗೋಧಿ. ಖಪಲಿ ಅಂತಲೂ ಕರೀತಾರೆ. ಹುಗ್ಗಿ, ಮಾದಲಿ, ಶಾವಿಗೆ ಮಾಡೋರಿಗೆ ಗೊತ್ತು ಇದರ ರುಚಿ. ಇದು ಮುಖ್ಯವಾಗಿ ಬಿಸಿಗೆ, ತುಕ್ಕು ರೋಗಕ್ಕೆ ಗಟ್ಟಿ. ನೀರು ಕೊಟ್ಟು ಬೆಳೆಯೋರೇ ಹೆಚ್ಚು. ಗೋಧಿಯ ಕಾಂಡದ ತುಕ್ಕು ರೋಗವನ್ನ ಅಧ್ಯಯನ ಮಾಡೋ ಯಾವ ದೇಶದ ವಿಜ್ಞಾನಿಗೂ 'ಖಪಲಿ' ಅನ್ನೋ ಹೆಸರು ಗೊತ್ತು, ಅದರ ರೋಗನಿರೋಧಕ ಗುಣವನ್ನ ಅವರು ನೂರು ವರ್ಷದಿಂದ ಬಳಸ್ತಿದ್ದಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರಲ್ಲೇ ಗಿಡ್ಡ ತಳಿಗಳನ್ನ ಕೊಟ್ಟಿದೆ: ಡಿಡಿಕೆ 1009, ಡಿಡಿಕೆ 1025, ಡಿಡಿಕೆ 1029. ಒಣಭೂಮಿಗೆ ಅಂತಲೇ ಯುಎಎಸ್ 446 ಅನ್ನೋ ಡ್ಯೂರಂ ತಂದಿದೆ. ಧಾರವಾಡದ ಚಳಿಗಾಲ ಪಂಜಾಬಿನಷ್ಟು ಉದ್ದ ಇಲ್ಲ. ಅಲ್ಲಿ ಸುಮಾರು ಐದು ತಿಂಗಳು ತಗೊಳ್ಳೋ ಬೆಳೆ ಇಲ್ಲಿ ಮೂರೂವರೆ ತಿಂಗಳಲ್ಲಿ ಮುಗೀಬೇಕು. ಅವರಿಗೆ 2022ರಲ್ಲಿ ಬಂದ ಬಿಸಿ ನಮ್ಮ ಗೋಧಿಗೆ ಪ್ರತಿ ವರ್ಷದ ಪಾಡು. ನಾಳೆ ಲುಧಿಯಾನಕ್ಕೆ ಬೇಕಾಗೋ ಗುಣ ಇವತ್ತು ಧಾರವಾಡದ ತಾಕಿನಲ್ಲಿದೆ.

ಹಾಗಾದ್ರೆ ರೈತರು ಯಾಕೆ ಬಿಡ್ತಿದ್ದಾರೆ? ಗಿರಣಿಯವರನ್ನ ಕೇಳಿದೆ. ಅವರ ಅಣ್ಣ ಎಂಟು ಎಕರೆಯಲ್ಲಿ ಏಳಕ್ಕೆ ಕಡಲೆ ಹಾಕೋದಂತೆ, ಒಂದು ಎಕರೆ ಮಾತ್ರ ಗೋಧಿ, ಮನೆಗೆ. ಕಡಲೆಗೆ ಅಷ್ಟು ಹಸಿ ಬೇಡ, ಮಾರೋದೂ ಸುಲಭ. ಗೋಧಿಗೆ ಈ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,275 ರೂಪಾಯಿ. ಪಟ್ಟಿಯಲ್ಲಿ ಗೋಧಿ ಅಂದ್ರೆ ಒಂದೇ ಗೋಧಿ, ಜವೆಗೆ ಬೇರೆ ಬೆಲೆ ಇಲ್ಲ. ಸರ್ಕಾರ ಬಹುಪಾಲು ಕೊಳ್ಳೋದು ಪಂಜಾಬ್, ಹರಿಯಾಣ, ಮಧ್ಯಪ್ರದೇಶದಲ್ಲಿ. ಇಂದಿರಾನಗರದ ಆರ್ಗ್ಯಾನಿಕ್ ಅಂಗಡಿಯಲ್ಲಿ ಶುಗರ್‌ಗೆ ಒಳ್ಳೇದು ಅಂತ ಬೋರ್ಡ್ ಹಾಕಿ ಖಪಲಿ ಮಾರ್ತಾರೆ. ಆ ಬೆಲೆ ಅವರ ಊರಿನ ಯಾರಿಗೂ ಸಿಕ್ಕಿಲ್ಲವಂತೆ.

ಬೆಂಗಳೂರಿಗೆ ವಾಪಸ್ ಬರ್ತೀನಿ. ಈ ತಿಂಗಳು ಕುಡಿಯೋ ನೀರಿನಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿದೆ. ಮಾಡಲಿ, ಬೇಕಿತ್ತು. ನಗರದ 14,781 ಬೋರ್‌ವೆಲ್‌ಗಳಲ್ಲಿ 6,997 ಬತ್ತಿವೆ ಅಂತ ಸರ್ಕಾರವೇ ಹೇಳಿದೆ. ಅದೇ ಬರಕ್ಕೆ ಬೆಳೆ ಕಳಕೊಂಡ ರೈತನಿಗೆ ರಾಜ್ಯ ಸರ್ಕಾರ ಮೊದಲ ಕಂತು ಅಂತ ಕೊಟ್ಟದ್ದು ಗರಿಷ್ಠ 2,000 ರೂಪಾಯಿ. ಕೇಂದ್ರದಿಂದ 18,171 ಕೋಟಿ ಕೇಳಿದೀವಿ ಅಂತಾರೆ ಇವರು, ಇವತ್ತಿನ ತನಕ ಬಂದಿಲ್ಲ. ನಿಯಮದ ಪ್ರಕಾರ ಬಂದ್ರೂ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500. ಎಕರೆಗೆ ಲೆಕ್ಕ ಹಾಕಿ, 3,400 ಚಿಲ್ಲರೆ.

ಅದೂ ಯಾರಿಗೆ? ಬೆಳೆ 33% ಅಥವಾ ಅದಕ್ಕಿಂತ ಹೆಚ್ಚು ಹಾಳಾದವರಿಗೆ. ಹಸಿ ಇಲ್ಲ ಅಂತ ಬುದ್ಧಿವಂತಿಕೆಯಿಂದ ಬೀಜ ಉಳಿಸಿಕೊಂಡು ಸುಮ್ಮನಿದ್ದವನ ಹೊಲದಲ್ಲಿ ಹಾಳಾಗೋಕೆ ಬೆಳೆಯೇ ಇಲ್ಲ. ಬೀಜ ಚೆಲ್ಲಿ ಒಣಗಿಸಿದ್ರೆ ಪಟ್ಟಿಯಲ್ಲಿ ಹೆಸರು ಬರುತ್ತೆ, ಉಳಿಸಿದ್ರೆ ಇಲ್ಲ. ಬೆಳೆ ವಿಮೆಯಲ್ಲಿ ಬಿತ್ತನೆ ತಪ್ಪಿದವರಿಗೆ ಒಂದು ಅವಕಾಶ ಇದೆ: ಆ ಪ್ರದೇಶದ 75%ಗಿಂತ ಹೆಚ್ಚು ಹೊಲ ಬೀಳುಬಿದ್ದಿದ್ರೆ ವಿಮಾ ಮೊತ್ತದ ಕಾಲು ಭಾಗ. ಅದಕ್ಕೆ ಆ ಬೆಳೆಯನ್ನ ಆ ಪ್ರದೇಶಕ್ಕೆ ಮೊದಲೇ ಅಧಿಸೂಚನೆಯಲ್ಲಿ ಸೇರಿಸಿರಬೇಕು, ವಿಮೆ ಕಂತನ್ನೂ ಮೊದಲೇ ಕಟ್ಟಿರಬೇಕು. ಎಂಟು ಎಕರೆಯಲ್ಲಿ ಒಂದು ಎಕರೆ ಗೋಧಿಗೆ ಯಾರು ವಿಮೆ ಕಟ್ತಾರೆ ಹೇಳಿ.

ಭಾನುವಾರ ನನ್ನ ಹಿಟ್ಟು ಕಟ್ಟಿ ಕೊಡುವಾಗ ಗಿರಣಿಯವರು ಹೇಳಿದ್ರು, ಊರಿನಲ್ಲಿ ಬೀಜದ ಗೋಧಿ ಒಂದು ಚೀಲ ಹಾಗೇ ಇದೆಯಂತೆ. ಬೇವಿನ ಎಲೆ ಹಾಕಿ ಇಟ್ಟಿದ್ದಾರೆ. "ಈ ಸಲ ಮಳಿ ಆದ್ರ ಬಿತ್ತತೀವ್ರೀ. ಆಗಲಿಲ್ಲಂದ್ರ ಹುಗ್ಗಿ ಮಾಡಿ ಉಣ್ಣೂದು."

ಮುಂದಿನ ವಾರದಿಂದ ಆ ಭಾಗದ ಅಭ್ಯರ್ಥಿಗಳು ಒಬ್ಬೊಬ್ಬರಾಗಿ ನಮ್ಮ ಸ್ಟುಡಿಯೋಗೆ ಬರ್ತಿದ್ದಾರೆ. ಟಿಕೆಟ್ ಹೇಗೆ ಸಿಕ್ತು ಅಂತ ಕೇಳೋ ಮೊದಲು ಒಂದು ಪ್ರಶ್ನೆ ಬರೆದಿಟ್ಟುಕೊಂಡಿದ್ದೀನಿ: ನಿಮ್ಮ ಕ್ಷೇತ್ರದಲ್ಲಿ ಈ ಹಿಂಗಾರಿಗೆ ಬಿತ್ತದೇ ಉಳಿದ ಎಕರೆ ಎಷ್ಟು ಸ್ವಾಮಿ, ಅದನ್ನ ಯಾವ ಪಟ್ಟಿಗೆ ಸೇರಿಸಿದ್ದೀರಿ?